ಸೂಜಿಯ ದಿನಚರಿ

ಕಳೆದ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ದಾವಣಗೆರೆಯ ಬಿಸಿಲಿನ ಪರಿಚಯವುಳ್ಳವರಿಗೆ ಆ ಹೊತ್ತಿನ ಹಳಗನ್ನಡದ ತರಗತಿ ಹೇಗಿರುತ್ತದೆಂಬುದನ್ನು ನಾನು ವರ್ಣಿಸಿ ಹೇಳಬೇಕಾದುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳ ಬಲಗೈ ಮಾತ್ರ ಮೇಜಿನ ಮರೆಯಲ್ಲಿ ಒಂದೇ ಲಯದಲ್ಲಿ ಏರಿಳಿಯುತ್ತಿತ್ತು. ಫೋನಿನ ಆಟವಿರಬೇಕೆಂದು ಭಾವಿಸಿ, ತಕ್ಕ ಗಾಂಭೀರ್ಯವನ್ನು ಮುಖಕ್ಕೆ ತಂದುಕೊಂಡು ಹತ್ತಿರ ಹೋದೆ. ಅವಳು ಎದ್ದು ನಿಂತು ಕೈಯಲ್ಲಿದ್ದುದನ್ನು ತಗ್ಗಿದ ತಲೆಯೊಡನೆ ನನ್ನ ಮುಂದಿರಿಸಿದಳು. ಮರದ ಬಳೆಯಂಥ ಚೌಕಟ್ಟಿಗೆ ಬಿಗಿದ ಬಿಳಿಯ ಬಟ್ಟೆ. ಅದರ ಮೇಲೆ ಬಂಡಿಯ ಗಾಲಿಯಂತೆ ಹನ್ನೆರಡು ಭಾಗಗಳ ಗೆರೆ. ಎರಡು ಭಾಗಗಳ ತುಂಬ ಬಣ್ಣದ ದಾರದ ಪುಟ್ಟ ಪುಟ್ಟ ಚಿತ್ರಗಳು. ಮೂರನೆಯದು ಅರ್ಧ ತುಂಬಿದೆ. ಒಂದು ಬಸ್ಸು, ಒಂದು ಮುರಿದ ಚಪ್ಪಲಿ, ಮಂಡಕ್ಕಿಯ ಪೊಟ್ಟಣ, ಒಂದು ಕನ್ನಡಕ. ಕನ್ನಡಕ ಯಾರದೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

“ಇದು ದಿನಚರಿ ಸಾರ್. ದಿನಕ್ಕೊಂದು ಚಿತ್ರ” ಎಂದಳು. ಬರೆಯಬಾರದೇಕೆ ಎಂದು ಕೇಳಿದ್ದಕ್ಕೆ, ಬರೆದಿಟ್ಟರೆ ಮನೆಯಲ್ಲಿ ಎಲ್ಲರೂ ಓದುತ್ತಾರೆಂದಳು. ಫೋನಿನಲ್ಲಿ ಚಿತ್ರ ತೆಗೆದಿಡಬಹುದಲ್ಲ ಎಂದೆ. “ಅದರಲ್ಲಿ ಸಾವಿರಾರು ಇವೆ, ಒಂದನ್ನೂ ತಿರುಗಿ ನೋಡುವುದಿಲ್ಲ” ಎಂಬ ಉತ್ತರ ಬಂತು. ಪಾಠ ಕೇಳದ ವಿದ್ಯಾರ್ಥಿನಿಯೆಂದು ಗದರಿಸಲು ಹೋದವನು ಪಾಠ ಕೇಳಿಸಿಕೊಂಡು ಹಿಂತಿರುಗಿದೆ.

ಇಂಥ ಬಟ್ಟೆಯ ದಿನಚರಿಯನ್ನು ಹೊಲಿಯುವ ಅಭ್ಯಾಸ ಇತ್ತೀಚಿನ ವರ್ಷಗಳಲ್ಲಿ ದೇಶದೇಶಗಳಲ್ಲಿ ಹಬ್ಬಿದೆಯೆಂದು ಆಮೇಲೆ ತಿಳಿದುಕೊಂಡೆ. ವಿಧಾನ ಸರಳವಾದುದು. ಹನ್ನೆರಡು ಅಂಗುಲ ಅಡ್ಡಗಲದ ಚೌಕಟ್ಟು. ಅದರಲ್ಲಿ ತಿಂಗಳಿಗೊಂದು ಪಾಲು. ದಿನದ ಕೊನೆಗೆ ಆ ದಿನದ ಗುರುತಾಗಿ ಒಂದು ಚಿತ್ರ. ವೃತ್ತದ ವಿಸ್ತೀರ್ಣವನ್ನು 365ರಿಂದ ಭಾಗಿಸಿ ನೋಡಿದರೆ ಒಂದೊಂದು ದಿನಕ್ಕೆ ದೊರೆಯುವ ನೆಲ ಅರ್ಧ ಅಂಗುಲದ ಚೌಕಕ್ಕಿಂತ ತುಸುವೇ ಹೆಚ್ಚು. ಅಂಗಡಿಯಲ್ಲಿ ಸಿಗುವ ಕಸೂತಿಯ ಹತ್ತಿದಾರದ ಲಡಿ ಸುಮಾರು ಎಂಟು ಮೀಟರ್ ಉದ್ದವಿದ್ದು, ಆರು ಎಳೆಗಳು ಕೂಡಿದ್ದಾಗಿರುತ್ತದೆ. ಇಷ್ಟು ಸಣ್ಣ ಚಿತ್ರಕ್ಕೆ ಅದರಲ್ಲಿ ಒಂದೋ ಎರಡೋ ಎಳೆ ಸಾಕು. ಖರ್ಚು ಅಲ್ಪ. ಬೇಕಾದುದು ದಿನಕ್ಕೆ ಇಪ್ಪತ್ತು ನಿಮಿಷದ ಬಿಡುವು.

ಈ ಇಪ್ಪತ್ತು ನಿಮಿಷದ ಮಾತನ್ನು ಅಧ್ಯಾಪಕರ ಕೊಠಡಿಯಲ್ಲಿ ಎತ್ತಿದುದೇ ತಪ್ಪಾಯಿತು. ಅರ್ಥಶಾಸ್ತ್ರದ ಮಿತ್ರರು ಅಲ್ಲಿಯೇ ಲೆಕ್ಕ ಹಾಕಿ, ವರ್ಷಕ್ಕೆ 121 ಗಂಟೆಗೂ ಮೀರಿ ಕಾಲಹರಣವೆಂದು ತೀರ್ಪು ಕೊಟ್ಟರು. ಇನ್ನೊಬ್ಬರ ಆಕ್ಷೇಪ ಇದಕ್ಕಿಂತ ತೂಕವಾದುದು. “ದಾರಕ್ಕೆ ವ್ಯಾಕರಣವಿಲ್ಲ. ಬಸ್ಸನ್ನು ಹೊಲಿಯಬಹುದು, ಬಸ್ಸು ಬರಲಿಲ್ಲ ಎಂಬುದನ್ನು ಹೇಗೆ ಹೊಲಿಯುತ್ತೀರಿ? ‘ಆದರೆ’, ‘ಒಂದು ವೇಳೆ’, ‘ಅಲ್ಲ’ ಎಂಬ ಮಾತುಗಳಿಲ್ಲದ ದಿನಚರಿ ಎಂಥ ದಿನಚರಿ?” ಎಂದರು. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೆ ಈ ಪ್ರಶ್ನೆ ನಾಟಿತು. ಅಂದು ಉತ್ತರ ಹೊಳೆಯಲಿಲ್ಲ. ಈಗ ಹೇಳುವುದಕ್ಕೆ ಒಂದೆರಡು ಮಾತುಗಳಿವೆ; ಆದರೆ ಅವುಗಳಿಗೆ ಬರುವ ಮೊದಲು ಓದುಗರು ನನ್ನೊಡನೆ ಹರಿಹರದವರೆಗೆ ಬರಬೇಕು.

ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರು. ನಾನು ಹುಟ್ಟಿ ಬೆಳೆದ ಊರು ಅದು. ಪ್ರತಿವರ್ಷವೂ ನನ್ನ ವಿದ್ಯಾರ್ಥಿಗಳನ್ನು ಕರೆದೊಯ್ಯುವುದೂ ಅಲ್ಲಿಗೇ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. 1268ರಲ್ಲಿ ಸೋಮ ದಂಡನಾಯಕನು ಅದನ್ನು ವಿಸ್ತರಿಸಿದನು. ಆವರಣದಲ್ಲಿ ಶಾಸನಗಳು ಸಾಲಾಗಿ ನಿಂತಿವೆ. ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟವನ್ನು ತೆರೆದರೆ ಇಲ್ಲಿಯ ಪಾಠಗಳು ದೊರೆಯುತ್ತವೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಕೊಟ್ಟವನು ಯಾರು, ಕೊಂಡವನು ಯಾರು, ಭೂಮಿಯ ಎಲ್ಲೆ ಯಾವುದು, ಕೆಡಿಸಿದವನಿಗೆ ಬರುವ ಪಾಪವೆಂಥದು. ಕಾಲವನ್ನು ಹಿಡಿದಿಡಬೇಕೆಂಬ ಮನುಷ್ಯನ ಹಟಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಎಂಟು ನೂರು ವರ್ಷಗಳ ಹಿಂದೆ ಆ ದೇವಾಲಯಕ್ಕೆ ದತ್ತಿ ಬಿಟ್ಟವರಾರೆಂಬುದನ್ನು ವಿದ್ಯಾರ್ಥಿಗಳ ಮುಂದೆ ಬೆರಳಿಟ್ಟು ಓದಿ ತೋರಿಸುವಾಗ ನನಗೆ ಒಂದು ಬಗೆಯ ಹೆಮ್ಮೆಯೇ ಇರುತ್ತಿತ್ತು.

ಆ ಹೆಮ್ಮೆ ಇಳಿದುದು ಎರಡು ವರ್ಷಗಳ ಕೆಳಗೆ, ನಮ್ಮ ತಾಯಿ ತೀರಿಕೊಂಡ ಮೇಲೆ. ಹರಿಹರದ ಮನೆಯನ್ನು ತೆರವು ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರು ಹೊಲಿದ ಕೌದಿ ಸಿಕ್ಕಿತು. ನಮ್ಮ ಸೀಮೆಯಲ್ಲಿ ಕೌದಿಯಿಲ್ಲದ ಮನೆಯೆಲ್ಲಿದೆ? ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿದುಕೊಂಡು ಬರುವ ಹೊದಿಕೆ. ಅದನ್ನು ಹೊದ್ದು ಮಲಗಿದವನೇ ನಾನು, ನೋಡಿದವನಲ್ಲ. ಅಂದು ಅಂಗಳದ ಬಿಸಿಲಿನಲ್ಲಿ ಹರಡಿದಾಗ ಮೊದಲ ಬಾರಿಗೆ ನೋಡಿದೆ. ನಟ್ಟನಡುವೆ ಒಂದು ಖಾಕಿ ತುಂಡು. ಅದು ನಮ್ಮ ತಂದೆಯವರ ಕಾರ್ಖಾನೆಯ ಸಮವಸ್ತ್ರದ್ದು. ನಾನು ಎಂ.ಎ. ಓದುತ್ತಿದ್ದಾಗ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಬಾಕಿಯ ಸಂಬಳಕ್ಕಾಗಿ ತಂದೆ ಅಲೆದ ವರ್ಷಗಳು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ವರ್ಷಗಳು. ತಾಯಿಯೂ ಆಡಲಿಲ್ಲ. ಅಂಗಿಯನ್ನು ಕತ್ತರಿಸಿ ಕೌದಿಯ ನಡುವೆ ಇಟ್ಟು, ಅದರ ಸುತ್ತ ಮಿಕ್ಕ ಕಡೆಗಳಿಗಿಂತ ಒತ್ತಾಗಿ ನಾಲ್ಕು ಸುತ್ತು ಹೊಲಿಗೆ ಹಾಕಿದ್ದರು.

ಕೌದಿಯಲ್ಲಿ ಒಟ್ಟು 43 ತುಂಡುಗಳಿದ್ದವು. ಅಕ್ಕನೂ ನಾನೂ ಕುಳಿತು ಒಂದೊಂದನ್ನೂ ಮುಟ್ಟಿ ನೆನಪು ಮಾಡಿಕೊಂಡೆವು. ಅಕ್ಕನ ಮದುವೆಯ ಹಿಂದಿನ ದಿನ ಉಟ್ಟ ಸೀರೆ, ನನ್ನ ಶಾಲೆಯ ನೀಲಿ ಚಡ್ಡಿ, ಅಜ್ಜಿಯ ಇಳಕಲ್ ಸೀರೆಯ ಸೆರಗು, ಹೀಗೆ 17ರ ಗುರುತು ಹತ್ತಿತು. ಉಳಿದ 26 ನಮಗೆ ಬರಿಯ ಬಟ್ಟೆ. ತಾಯಿಗೆ ಅವು ಬರಿಯ ಬಟ್ಟೆಯಾಗಿರಲಿಲ್ಲವೆಂಬುದು ಮಾತ್ರ ನಿಶ್ಚಯ. ಏಕೆಂದರೆ ಅವುಗಳನ್ನು ಜೋಡಿಸಿದ ಕ್ರಮದಲ್ಲಿ ಒಂದು ಯೋಚನೆ ಎದ್ದು ಕಾಣುತ್ತಿತ್ತು. ಎಂಟು ನೂರು ವರ್ಷದ ಕಲ್ಲನ್ನು ಓದಬಲ್ಲವನು ನಾನು. ನಾಲ್ಕು ಫರ್ಲಾಂಗಿನಾಚೆ ನನ್ನ ತಾಯಿಯೇ ಬಿಟ್ಟುಹೋದ ಶಾಸನವನ್ನು ಓದಲಾರದೆ ಅಂಗಳದಲ್ಲಿ ಕುಳಿತಿದ್ದೆ. ಅವರು ಬದುಕಿದ್ದಾಗ, ಬೇಸಗೆಯ ರಜೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಕೇಳಿದ್ದರೆ ಸಾಕಾಗುತ್ತಿತ್ತು. ಕೇಳಬೇಕೆಂದು ತೋರಲಿಲ್ಲ. ಅದು ಓದತಕ್ಕದ್ದೆಂಬ ಅರಿವೇ ನನಗಿರಲಿಲ್ಲ.

ಹಿಂದಿನ ಬೆಂಚಿನ ಆ ಹುಡುಗಿಯ ಬಟ್ಟೆ ನನ್ನನ್ನು ತಡೆದು ನಿಲ್ಲಿಸಿದುದು ಈ ಕಾರಣದಿಂದ. ಇದನ್ನು ಹೊಸ ಶೋಕಿಯೆಂದು ಹೇಳುವವರು ನಮ್ಮ ಹೆಂಗಸರ ಕೈಯನ್ನು ಗಮನಿಸಿದವರಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ತಾವು ಹೊಲಿಯುವ ಕವಂದಿಯ ನಾಲ್ಕು ಮೂಲೆಗಳಿಗೂ ಮುಕ್ಕೋಣದ ತುಂಡುಗಳನ್ನು ಮಡಿಸಿ ‘ಹೂ’ ಇಡದ ಹೊರತು ಅದು ಮುಗಿಯಿತೆಂದು ಒಪ್ಪುವುದಿಲ್ಲ. ನಮ್ಮದೇ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರು ಕನ್ನಡಿ ಕವಡೆಗಳನ್ನು ಕೂಡಿಸಿ ತೊಟ್ಟ ಉಡುಪನ್ನು ನಾವು ಜಾತ್ರೆಯ ಬಣ್ಣವೆಂದು ನೋಡಿ ಮುಂದೆ ಹೋಗಿದ್ದೇವೆ. ಧಾರವಾಡ ಸೀಮೆಯ ಕಸೂತಿಯಂತೂ ಒಂದು ಲಿಪಿಯೇ ಸರಿ: ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆ, ತೊಟ್ಟಿಲು, ನವಿಲು. ಹೆಣ್ಣೊಬ್ಬಳು ಕಂಡ ಊರು, ಕಂಡ ಹಬ್ಬ, ಬಯಸಿದ ಮನೆ ಎಲ್ಲವೂ ಅಲ್ಲಿವೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ನೆಯ್ಗೆಯ ಎಳೆಗಳನ್ನೇ ಎಣಿಸಿ ಸೂಜಿ ನಡೆಸಬೇಕು, ಗಂಟು ಹಾಕಕೂಡದು. ಈ ಕಸೂತಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ, ಸಂಡೂರಿನ ಲಂಬಾಣಿ ಕಸೂತಿಗೂ ದೊರೆತಿದೆ. ಸಂತೋಷದ ಸಂಗತಿ. ಆದರೆ ಆ ಮನ್ನಣೆ ಕಸಬಿಗೆ ಸಂದುದು. ಹೊಲಿದವಳು ಆ ದಿನ ಏನನ್ನು ನೆನೆಯುತ್ತಿದ್ದಳೆಂಬುದನ್ನು ಯಾವ ದಫ್ತರದಲ್ಲಿಯೂ ನಮೂದಿಸಿಲ್ಲ.

ಹೊರಗಿನ ನಿದರ್ಶನಗಳೂ ಉಂಟು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಹೇಳುವ ಬೇಯೋ ಪಟ ಸುಮಾರು 70 ಮೀಟರ್ ಉದ್ದದ ಕಸೂತಿ. ಅದು ಅರಸರ ಚರಿತ್ರೆ, ನಮ್ಮ ಶಿಲಾಶಾಸನಗಳ ಜಾತಿಯದು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದುದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಒಂದು ತುಂಡು ಬಟ್ಟೆ. 1830ರ ಸುಮಾರಿನಲ್ಲಿ ಎಲಿಜಬೆತ್ ಪಾರ್ಕರ್ ಎಂಬ ಎಳೆಯ ಹೆಂಗಸು, ಮನೆಗೆಲಸದಲ್ಲಿ ತಾನು ಪಟ್ಟ ಪಾಡನ್ನೂ ತನ್ನ ಪರಿತಾಪವನ್ನೂ ಕೆಂಪು ರೇಷ್ಮೆಯ ದಾರದಲ್ಲಿ ಅಕ್ಷರ ಅಕ್ಷರವಾಗಿ ಹೊಲಿದಳು. ಚಿತ್ರವಿಲ್ಲ, ಅಂಚಿನ ಅಲಂಕಾರವಿಲ್ಲ. ಕೊನೆಗೆ ಒಂದು ವಾಕ್ಯ ಅರ್ಧಕ್ಕೇ ನಿಂತಿದೆ. ಕೆಳಗೆ ಬಟ್ಟೆ ಬರಿದಾಗಿದೆ. ಮುಂದೆ ಅವಳು ಶಾಲೆಯ ಉಪಾಧ್ಯಾಯಿನಿಯಾಗಿ ದೀರ್ಘಕಾಲ ಬಾಳಿದಳು. ಬಂಗಾಳದ ಕವಿ ಜಸೀಮುದ್ದೀನ್ 1929ರಲ್ಲಿ ಪ್ರಕಟಿಸಿದ ‘ನಕ್ಷಿ ಕಾಂಥಾರ್ ಮಾಠ್’ ಕಥನಕಾವ್ಯದ ನಾಯಕಿಯಾದರೋ ಅಗಲಿದ ಗಂಡನಿಗಾಗಿ ಕಾಯುತ್ತ ತನ್ನ ಬಾಳನ್ನೆಲ್ಲ ಒಂದು ಕಂತೆಯ ಮೇಲೆ ಹೊಲಿಯುತ್ತಾಳೆ. ಸತ್ತ ಮೇಲೆ ಅದನ್ನು ಅವಳ ಗೋರಿಯ ಮೇಲೆ ಹೊದಿಸುತ್ತಾರೆ. ಬಂಗಾಳದ ಕಾಂಥಾ, ನಮ್ಮ ಕೌದಿ, ಸಿದ್ದಿಯರ ಕವಂದಿ ಒಂದೇ ಬಳಗದವು. ಬಂಗಾಳದ ಕಂತೆಯನ್ನು ಓದುವುದಕ್ಕೆ ಒಬ್ಬ ಕವಿ ಕುಳಿತನು. ನಮ್ಮ ಹನ್ನೆರಡನೆಯ ಶತಮಾನದಲ್ಲಿ ಕದಿರ ರೆಮ್ಮವ್ವೆ ನೂಲುವ ಸಾಧನಗಳನ್ನೇ ಮಾತಾಗಿ ಮಾಡಿ ವಚನ ನುಡಿದಳು. ಅವಳ ಬಳಿಕ ನೂಲನ್ನು ಹಿಡಿದ ಎಷ್ಟು ಕೈಗಳ ಮಾತನ್ನು ನಾವು ಕೇಳಿದ್ದೇವೆ?

ಇನ್ನು ಮಿತ್ರರ ಆಕ್ಷೇಪ. ದಾರಕ್ಕೆ ‘ಅಲ್ಲ’ ಎನ್ನಲು ಬಾರದೆಂದರು. ನನ್ನ ವಿದ್ಯಾರ್ಥಿನಿಯ ಬಟ್ಟೆಯಲ್ಲಿ ಫೆಬ್ರವರಿಯ ಪಾಲಿನ ಒಂದು ಕಡೆ ಚಿತ್ರವಿರಲಿಲ್ಲ. ಹತ್ತಿರದಿಂದ ನೋಡಿದರೆ ಅಲ್ಲಿ ಸಣ್ಣ ಸಣ್ಣ ರಂಧ್ರಗಳ ಸಾಲಿತ್ತು. ಏನನ್ನೋ ಹೊಲಿದು ಬಿಚ್ಚಿದ್ದಳು. ದಾರ ಹೋಗಿತ್ತು, ಸೂಜಿ ಹೋದ ದಾರಿ ಉಳಿದಿತ್ತು. ಮರುದಿನದಿಂದ ಚಿತ್ರಗಳು ಮತ್ತೆ ಆರಂಭವಾಗಿದ್ದವು. ಕಾಗದದ ಮೇಲೆ ಹೊಡೆದುಹಾಕಿದ ಮಾತು ಇಷ್ಟನ್ನು ಹೇಳುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಏನಾಯಿತೆಂದು ನಾನು ವಿಚಾರಿಸಲಿಲ್ಲ, ದಿನಚರಿ ಅವಳದು. ದಾರಕ್ಕೆ ವ್ಯಾಕರಣವಿಲ್ಲವೆಂಬ ಮಾತನ್ನು ಮಾತ್ರ ಅಂದಿನಿಂದ ನಾನು ಒಪ್ಪುವುದಿಲ್ಲ.

ಕಾಲಹರಣವೆಂಬ ಆಕ್ಷೇಪಕ್ಕೂ ಉತ್ತರವಿದೆ. ಇಪ್ಪತ್ತು ನಿಮಿಷ ಹೊಲಿಯಬೇಕಾದವನು ಏನನ್ನು ಹೊಲಿಯಬೇಕೆಂದು ದಿನವಿಡೀ ಕಣ್ಣಿಟ್ಟು ನೋಡಬೇಕಾಗುತ್ತದೆ. ದಿನದ ನೂರು ಸಂಗತಿಗಳಲ್ಲಿ ಒಂದನ್ನು ಆರಿಸಿ ತೊಂಬತ್ತೊಂಬತ್ತನ್ನು ಬಿಡುವುದು ಸುಲಭವಲ್ಲ. ಬರವಣಿಗೆಯನ್ನು ಕಲಿಸುವ ನಾವು ವರ್ಷಗಟ್ಟಲೆ ಹೇಳಿದರೂ ವಿದ್ಯಾರ್ಥಿಗಳಿಗೆ ಹಿಡಿಸದ ಪಾಠ ಅದು. ಅರ್ಧ ಅಂಗುಲದ ಚೌಕ ಅದನ್ನು ಒಂದು ವಾರದಲ್ಲಿ ಕಲಿಸುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ. ಏಕೆಂದರೆ ಏಪ್ರಿಲ್ ಒಂದನೆಯ ತಾರೀಖಿನಿಂದ ನಾನೂ ಹೊಲಿಯುತ್ತಿದ್ದೇನೆ. ಮೂರ್ಖರ ದಿನ ಆರಂಭಿಸಿದಿರೆಂದು ಮನೆಯವರು ನಕ್ಕರು. ಗಂಡಸಿಗೆ ಸೂಜಿಯೇಕೆ ಎಂದು ಮಿತ್ರರು ನಕ್ಕರು. ಅವರ ಷರಾಯಿಯನ್ನು ಹೊಲಿದವನು ಗಂಡಸೇ ಎಂಬುದನ್ನು ನೆನಪಿಸಿದೆ. ಮೊದಲ ತಿಂಗಳು ಬೆರಳಿಗೆ ಚುಚ್ಚಿಕೊಂಡುದೇ ಹೆಚ್ಚು. ಬೆಣ್ಣೆದೋಸೆಯೆಂದು ಹೊಲಿದುದನ್ನು ಮಗಳು ಹುಣ್ಣಿಮೆಯ ಚಂದ್ರನೆಂದಳು. ಜೂನಿನಲ್ಲಿ ಭತ್ತದ ಸಸಿ, ಆಗಸ್ಟಿನಲ್ಲಿ ಹರಿಹರದ ಸೋಪಾನಗಳನ್ನು ಮುಳುಗಿಸಿದ ಹೊಳೆ, ಸುಗ್ಗಿಯಲ್ಲಿ ಮಾರುಕಟ್ಟೆಯ ಅಂಗಳದ ಮೆಕ್ಕೆಜೋಳದ ರಾಶಿ. ಊರನ್ನು ಇಷ್ಟು ಗಮನಿಸಿ ನಾನು ಬಾಳಿದ ವರ್ಷ ಇನ್ನೊಂದಿಲ್ಲ. ಒಂದು ಕಾಲಕ್ಕೆ ಹತ್ತಿಗಿರಣಿಗಳ ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರಿನಲ್ಲಿ, ಹತ್ತಿಯ ದಾರಕ್ಕಾಗಿ ಅಂಗಡಿ ಅಂಗಡಿ ಸುತ್ತುವಾಗ ಮನಸ್ಸಿನಲ್ಲಿ ಏನೇನೋ ಹಾದುಹೋಗುತ್ತಿತ್ತು. ಅದಕ್ಕೂ ಒಂದು ಚೌಕ ದೊರೆಯಿತು.

ಈ ಅಭ್ಯಾಸವನ್ನು ಕೈಗೊಳ್ಳುವ ತರುಣ ತರುಣಿಯರಿಗೆ ಎರಡು ಎಚ್ಚರಿಕೆಗಳನ್ನು ಹೇಳುವುದು ನನ್ನ ಕರ್ತವ್ಯ. ದಿನಕ್ಕೆ ಇಂಥದನ್ನು ಹೊಲಿಯಿರೆಂದು ಸಿದ್ಧಚಿತ್ರಗಳ ಪಟ್ಟಿಗಳು ಈಗ ಮಾರಾಟಕ್ಕೆ ಬಂದಿವೆ. ಇವು ನಮ್ಮ ಪರೀಕ್ಷೆಯ ಗೈಡುಗಳ ಒಡಹುಟ್ಟುಗಳು, ದೂರವಿಡಿ. ನಿಮ್ಮ ದಿನವನ್ನು ಇನ್ನೊಬ್ಬರ ಪಟ್ಟಿಯಿಂದ ಆರಿಸಿದರೆ ವರ್ಷಾಂತ್ಯಕ್ಕೆ ದೊರೆಯುವುದು ಅಂದವಾದ ಬಟ್ಟೆ, ದಿನಚರಿಯಲ್ಲ. ಎರಡನೆಯದು, ಜಗತ್ತಿಗೆ ತೋರಿಸುವುದಕ್ಕಾಗಿ ಹೊಲಿಯಬೇಡಿ. ತೋರಿಸುವ ಆಸೆ ಹುಟ್ಟಿದೊಡನೆ ಕೆಟ್ಟ ದಿನಗಳೆಲ್ಲ ಹೂಗಳಾಗಿಬಿಡುತ್ತವೆ. ಮುರಿದ ಚಪ್ಪಲಿಗೂ ಬಿಚ್ಚಿದ ರಂಧ್ರಕ್ಕೂ ಎಡೆಯಿರುವ ಬಟ್ಟೆಯೇ ನಂಬತಕ್ಕ ಬಟ್ಟೆ.

ಇವೆರಡಕ್ಕೂ ಮಿಗಿಲಾದ ಮಾತೊಂದಿದೆ. ಕಸೂತಿಯ ಗವಂತಿ ಹೊಲಿಗೆಯನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸುವರು. ಅದರಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಎಡೆ ಬಿಡುತ್ತ ಹೋಗುತ್ತದೆ. ಹಿಂದಿರುಗುವಾಗ ಬಿಟ್ಟ ಎಡೆಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೆ ಬರುತ್ತದೆ. ಆದುದರಿಂದಲೇ ಅದು ಎರಡೂ ಮೈಯಲ್ಲಿ ಒಂದೇ ಆಗಿ ಕಾಣುತ್ತದೆ. ಹೋಗುವ ಹೊಲಿಗೆಯಷ್ಟೇ ಇದ್ದರೆ ಚಿತ್ರ ಮುಗಿಯುವುದಿಲ್ಲ. ನಮ್ಮ ತಾಯಿ ಹೋಗುವ ಹೊಲಿಗೆಯನ್ನು ಹಾಕಿ ಹೋದರು. ತಿರುಗಿ ಬಂದು ಎಡೆಗಳನ್ನು ತುಂಬಬೇಕಾದವರು ಕೇಳುವವರಾದ ನಾವು, ನಾವು ಕೇಳಲಿಲ್ಲ. ಆದ್ದರಿಂದ ಬಟ್ಟೆಯ ದಿನಚರಿಯನ್ನು ಇಡುವವರು ಜೊತೆಗೊಂದು ಸಣ್ಣ ಪುಸ್ತಕದಲ್ಲಿ ತಾರೀಖು ಹಾಕಿ ಒಂದೊಂದು ಸಾಲು ಬರೆದಿಡಿ. ಬರೆಯಲು ಒಲ್ಲದವರು ನೆಚ್ಚಿನ ಒಬ್ಬರಿಗಾದರೂ ಹೇಳಿಡಿ. ಅದಕ್ಕೂ ಮೊದಲು, ಮನೆಯಲ್ಲಿ ಕೌದಿಯಿದ್ದು ಹೊಲಿದವರು ಇನ್ನೂ ಇರುವ ಪುಣ್ಯವಂತರು ಇಂದೇ ಅದನ್ನು ಬಿಚ್ಚಿ ಹಾಸಿ, ಪಕ್ಕದಲ್ಲಿ ಕುಳಿತು, ಇದು ಯಾವುದು ಎಂದು ಕೇಳಿ. ಕನ್ನಡ ವಿಭಾಗಗಳು ಜಾನಪದದ ಹಾಡುಗಳನ್ನು ಸಂಗ್ರಹಿಸಿದ ಶ್ರದ್ಧೆಯಲ್ಲಿ ನೂರರಲ್ಲೊಂದು ಪಾಲನ್ನು ಈ ಕಡೆಗೆ ತಿರುಗಿಸಿದರೆ, ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳು ತಂತಮ್ಮ ಮನೆಯ ಒಂದೊಂದು ಕೌದಿಯ ಪಾಠವನ್ನು ಬರೆದು ತರಬಹುದು. ಅಂಥ ಪ್ರಬಂಧಕ್ಕೆ ನಾನು ಅಂಕ ಕೊಡಲು ಹಿಂಜರಿಯುವುದಿಲ್ಲ.

ಕಳೆದ ಭಾನುವಾರ ನಮ್ಮ ಕೌದಿಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ಹಳೆಯ ಮನೆಯ ನೆರೆಯಲ್ಲಿ ನಮ್ಮ ತಾಯಿಯ ಗೆಳತಿಯೊಬ್ಬರಿದ್ದಾರೆ. ವಯಸ್ಸು ಎಂಬತ್ತನ್ನು ದಾಟಿದೆ, ಕಣ್ಣು ಮಂಜು. ಅವರ ಮುಂದೆ ಹಾಸಿದೆ. ಅವರು ನೋಡಲಿಲ್ಲ, ಅಂಗೈಯಿಂದ ಸವರುತ್ತ ಹೋದರು. ಎಡ ಅಂಚಿನ ಬಳಿ ಹಸಿರು ತುಂಡೊಂದರ ಮೇಲೆ ಕೈ ನಿಂತಿತು. “ಇದು ನಂದು. ನೀನು ಹುಟ್ಟಿದ ರಾತ್ರಿ ಮಳೆ. ನಿಮ್ಮ ಮನೆಯ ಬಟ್ಟೆಯೆಲ್ಲ ತೊಯ್ದಿದ್ದವು. ನನ್ನ ಸೀರೆ ಹರಿದು ನಿನ್ನ ಸುತ್ತಿದ್ದೆ” ಎಂದರು. ತಾಯಿ ಅದನ್ನು ತೆಗೆದಿಟ್ಟದ್ದು ಅವರಿಗೂ ತಿಳಿದಿರಲಿಲ್ಲ. ಬಹಳ ಹೊತ್ತು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಅಂದು ರಾತ್ರಿ ನನ್ನ ಬಟ್ಟೆಯ ಮೇಲೆ ಒಂದು ಹಸಿರು ಚೌಕ ಹೊಲಿದೆ. ಕೌದಿಯಲ್ಲಿ ಗುರುತು ಹತ್ತದವು ಇನ್ನು 25 ಇವೆ. ಬರುವ ಭಾನುವಾರ ಮತ್ತೆ ಹೋಗುವವನಿದ್ದೇನೆ.